ಮೂವತ್ತನಾಲ್ಕು ಪಾಯಿಂಟ್ ಆರು ಎಂದ ಸತ್ಯವಂತರಿಗೆ

ಅಡಿಲೇಡ್ ವಿಮಾನ ನಿಲ್ದಾಣದ ಹುಲ್ಲುಹಾಸಿನ ಮೇಲೆ, ಬಿಳಿ ಪೆಟ್ಟಿಗೆಯೊಳಗೆ ವಿರಾಜಮಾನರಾಗಿರುವ ಮಾನ್ಯ ತಾಪಮಾಪಕರೇ,

ಸಮುದ್ರದ ತಂಗಾಳಿ ತಮ್ಮನ್ನು ಎಂದಿನಂತೆ ಸುಖವಾಗಿಟ್ಟಿದೆಯೆಂದು ನಂಬಿ, ಬೌಡನ್ ಬಡಾವಣೆಯಲ್ಲಿ ಏಳುತ್ತಿರುವ ಆರು ಮಹಡಿಯ ಕಟ್ಟಡದಲ್ಲಿ ಕೆಲಸಗಾರರ ಊಟದ ಶೆಡ್ಡು ನೋಡಿಕೊಂಡು ಟೀ ಕಾಯಿಸುವ ನೋಲೀನ್ ಹ್ಯಾನಿಗನ್ ಎಂಬ ನಾನು ತಮಗೆ ನಮಸ್ಕರಿಸಿ ಬರೆಯುತ್ತಿದ್ದೇನೆ.

ಕಂಪನಿಗೂ ನಮ್ಮ ಕಾರ್ಮಿಕ ಸಂಘಕ್ಕೂ ಆದ ಒಪ್ಪಂದದ ಪ್ರಕಾರ ತಾವು ಮೂವತ್ತೈದು ಡಿಗ್ರಿ ಎಂದರೆ ಕೆಲಸ ನಿಲ್ಲಬೇಕು, ಅದಕ್ಕೆ ಮುಂಚೆ ನಿಲ್ಲಿಸಿದರೆ ಅಕ್ರಮ ಮುಷ್ಕರ. ಜನವರಿಯ ನಡುಬೇಸಿಗೆಯ ಆ ಮಂಗಳವಾರ ತಾವು 34.6 ಎಂದಿರಿ. ಅದೇ ಹೊತ್ತಿಗೆ ಆರನೇ ಮಹಡಿಯಲ್ಲಿ, ಕೈಗವಸು ಹಾಕಿದ್ದರೂ ಮುಟ್ಟಲಾಗದ ಕಬ್ಬಿಣದ ಸರಳುಗಳ ನಡುವೆ, ಸರಳು ಕಟ್ಟುವ ತೊಂಗಾ ದ್ವೀಪದ ನಮ್ಮ ಸೆಮಿಸಿ ತಲೆ ತಿರುಗಿ ಕುಸಿದು ಕುಳಿತ. ಸಂಘದ ಪ್ರತಿನಿಧಿ ಬ್ರೆಂಟ್ ಮಲೋನಿ ನನ್ನ ಶೆಡ್ಡಿನ ಥರ್ಮಾಮೀಟರ್ ನೋಡಿದ. ಅದು ಮೂವತ್ತೆಂಟು ತೋರಿಸುತ್ತಿತ್ತು. "ಇಳೀರ್ರೋ ಎಲ್ಲಾ ಕೆಳಗೆ!" ಎಂದು ಕೂಗಿದ. "ಏರ್‌ಪೋರ್ಟು ಇನ್ನೂ ಮೂವತ್ತೈದು ಅಂದಿಲ್ಲ ಕಣಯ್ಯಾ!" ಎಂದು ಮ್ಯಾನೇಜರು ಹಾರಾಡಿದ್ದಕ್ಕೆ, "ಹಾಗಾದ್ರೆ ಏರ್‌ಪೋರ್ಟೇ ಬಂದು ಸರಳು ಕಟ್ಲಿ ಬಿಡಿ" ಎಂದ.

ಎಲ್ಲರೂ ಇಳಿದರು, ಕಂಪನಿ ಅಕ್ರಮ ಮುಷ್ಕರವೆಂದು ದಾವೆ ಹೂಡಿತು. ನ್ಯಾಯಾಲಯದಲ್ಲಿ ತಮ್ಮನ್ನು ಯಾರೂ ಕಟಕಟೆಗೆ ಕರೆಯಲಿಲ್ಲ, ಪ್ರಮಾಣ ಮಾಡಿಸಲಿಲ್ಲ. ಕಾಗದದ ಮೇಲಿನ ತಮ್ಮ ಅಂಕಿಯೇ ವೇದವಾಕ್ಯವಾಯಿತು. ನನ್ನನ್ನು ಮಾತ್ರ ನಿಲ್ಲಿಸಿ, ಶೆಡ್ಡಿನ ಥರ್ಮಾಮೀಟರ್ ಎಲ್ಲಿ ತೂಗುಹಾಕಿದ್ದೀರೆಂದು ಕಂಪನಿಯ ವಕೀಲರು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು, ಮಾಂಸ ತುಂಬಿ ಬೇಯಿಸಿದ ಪೈಗಳನ್ನು ಬಿಸಿಯಾಗಿಡುವ ಪೆಟ್ಟಿಗೆಯ ಮೇಲಿನ ಮೊಳೆಗೆ ಎಂದೆ. ನ್ಯಾಯಾಧೀಶರೂ ನಕ್ಕರು. ನಕ್ಕು ಮುಗಿದ ಮೇಲೆ ಸಂಘಕ್ಕೆ ದಂಡ ವಿಧಿಸಿ, ಬ್ರೆಂಟನಿಗೆ ಬೇರೆಯಾಗಿ ದಂಡ ವಿಧಿಸಿ, ಅವನ ದಂಡವನ್ನು ಸಂಘವಾಗಲಿ ಗೆಳೆಯರಾಗಲಿ ಕಟ್ಟಕೂಡದೆಂದೂ, ಬೇಸಿಗೆ ಮುಗಿಯುವವರೆಗೆ ಅವನು ಕಟ್ಟಡದ ಗೇಟಿನೊಳಗೆ ಕಾಲಿಡಕೂಡದೆಂದೂ ಅಪ್ಪಣೆ ಮಾಡಿದರು. ಹೊರಗೆ ಬಂದು ನಾನು ಅತ್ತೇಬಿಟ್ಟೆ. "ಅಳ್ಬೇಡ ನೋಲಕ್ಕ, ಪೈ ಅಂತೂ ಅವತ್ತು ಸಕತ್ ಬಿಸಿ ಇತ್ತು" ಎಂದ ಆ ಪುಣ್ಯಾತ್ಮ. ಮೊಳೆ ಹೊಡೆದವಳು ನಾನು, ಗೇಟಿನಾಚೆ ನಿಂತವನು ಅವನು. ಇದು ನನಗೆ ಇವತ್ತಿಗೂ ಸಹಿಸಲಾಗುತ್ತಿಲ್ಲ.

ತಮ್ಮ ಪ್ರಾಮಾಣಿಕತೆಯ ಬಗ್ಗೆ ನನಗೆ ಕಿಂಚಿತ್ತೂ ಸಂಶಯವಿಲ್ಲ. ನಾಲ್ಕೂ ಕಡೆ ನೆರಳು, ಕಾಲಡಿಗೆ ಹುಲ್ಲು, ಬೆನ್ನಿಗೆ ಕಡಲು ಇದ್ದಿದ್ದರೆ ನಾನೂ 34.6 ಎಂದೇ ಹೇಳುತ್ತಿದ್ದೆ. ಆದ್ದರಿಂದ ಒಂದೇ ಒಂದು ದಿನ ರಜೆ ಹಾಕಿ ನಮ್ಮ ಆರನೇ ಮಹಡಿಗೆ ದಯಮಾಡಿಸಿ, ಸೆಮಿಸಿಯ ಪಕ್ಕದಲ್ಲಿ ಬಗ್ಗಿ ಹತ್ತು ಸರಳು ಕಟ್ಟಿ ಹೋಗಬೇಕಾಗಿ ವಿನಂತಿ. ಹೆಲ್ಮೆಟ್ಟು ನಾನು ಕೊಡುತ್ತೇನೆ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಬಾಕಿ ಉಳಿದ ಪಾಯಿಂಟ್ ನಾಲ್ಕು ಡಿಗ್ರಿಯನ್ನಾದರೂ ಆ ಮಂಗಳವಾರಕ್ಕೆ ಪೂರ್ವಾನ್ವಯವಾಗಿ ಮಂಜೂರು ಮಾಡಿ, ನ್ಯಾಯಾಲಯಕ್ಕೆ ಒಂದು ಸಾಲು ಬರೆದು ಹಾಕಿ.

ತಮ್ಮ ವಿಶ್ವಾಸಿ,
ನೋಲೀನ್ ಹ್ಯಾನಿಗನ್

ವಿ.ಸೂ.: ಮೊನ್ನೆ ಗುರುವಾರ ತಾವು 34.8 ಎಂದಿರಿ. ಬ್ರೆಂಟ್ ಇರಲಿಲ್ಲ, ದಂಡಕ್ಕೆ ಹೆದರಿ ಎಲ್ಲರೂ ಸರಳು ಕಟ್ಟುತ್ತಲೇ ಇದ್ದರು. ಸೆಮಿಸಿಗೆ ಮತ್ತೆ ತಲೆ ತಿರುಗುತ್ತಿದೆಯೆಂದು ಕೇಳಿ, ಅರವತ್ತಮೂರು ವರ್ಷದ ನಾನು ಆರು ಮಹಡಿ ಹತ್ತಿಹೋಗಿ "ಇಳೀರ್ರೋ" ಎಂದು ಕೂಗಿದೆ; ಇಪ್ಪತ್ತಾರು ಜನವೂ ಇಳಿದರು. ನನಗೆ ನ್ಯಾಯಾಲಯದ ನೋಟೀಸು ತರುವವರಿಗೆ ದಯವಿಟ್ಟು ತಿಳಿಸಿ: ಬೆಳಿಗ್ಗೆ ಬಂದರೆ ಶೆಡ್ಡಿನಲ್ಲೇ ಸಿಗುತ್ತೇನೆ, ಮಧ್ಯಾಹ್ನದ ಬಿಸಿಲಿಗೆ ಬಂದರೆ ಅವರೂ ನನ್ನ ಹಿಂದೆ ಆರನೇ ಮಹಡಿಗೆ ಹತ್ತಬೇಕಾಗುತ್ತದೆ.