ಅಯ್ಯನವರ ಮನ್ಯಾಗ ಕೊರಿಯಾದ ಸುರುಳಿ

ನಾ ಹೊಸಾ ಅಡಗಿ ಏನರೆ ಮಾಡ್ಲಿಕ್ಕಿ ಕುಂತ್ರ ಅದು ನಮ್ಮ ಒಲಿ ಮ್ಯಾಲೇ ಮುಗಿಯೂದಿಲ್ಲ, ಊರೆಲ್ಲಾ ತಿರುಗಿ ಬರ್ತದ. ನನ್ನ ತವರು ಭಾಲ್ಕಿ ಕಡಿ. ಈ ಕಡಿ ದೊಡ್ಡ ಭೂಕಂಪ ಆದ ಮರುವರ್ಷ ಲಗ್ನ ಆಗಿ ಗಡಿ ಆಚಿ ಉಮರ್ಗಾಕ್ಕ ಬಂದಾಕಿ. ನಮ್ಮ ಮನಿಯವರು ಸುತ್ತಿನ ಊರಾಗ ಪೂಜಾ ಮಾಡ್ಸೂ ಅಯ್ಯನವರು. ಇಂಥಾ ಮನ್ಯಾಗ ನಾ ಮೊಬೈಲ್ ನೋಡಿ ಕೊರಿಯಾದ ಕಿಂಬಾಪ್ ಮಾಡ್ಲಿಕ್ಕಿ ಹೊಂಟೆ. ದೊಡ್ಡದೇನಲ್ಲ. ಸಮುದ್ರದಾಗ ಬೆಳಿಯೂ ಸೊಪ್ಪು ಒಣಗಿಸಿ ಕರಿ ಹಾಳಿ ಮಾಡಿರ್ತಾರ. ಅದರ ಮ್ಯಾಲ ಅನ್ನ ಹರಡಿ, ಗಜ್ಜರಿ, ಸೌತಿಕಾಯಿ ಇಟ್ಟು ಸುತ್ತಿ ಕೊಯ್ಯೂದು. ಹಾಳಿ ಪಾರ್ಸಲ್‌ನಾಗ ಬಂದವು.

೧. ಅಂಟೂ ಅಕ್ಕಿ

ಇದಕ್ಕ ಅನ್ನ ಅಂಟ್ಬೇಕು. ಕಿರಾಣಿ ಅಂಗಡಿಗಿ ಹೋಗಿ, ಕುದಿಸಿದ್ರ ಮುದ್ದಿ ಆಗೂ ಅಕ್ಕಿ ಕೊಡ್ರಿ ಅಂದೆ. ಸಾವಕಾರ ಮುಖ ಸಣ್ಣ ಮಾಡಿದ. ತನ್ನ ಅಕ್ಕಿ ಅಂಟೂದೇ ಇಲ್ಲ ಅಂತ ಇಪ್ಪತ್ತು ವರ್ಷ ಆಣಿ ಮಾಡಿ ಮಾರಿದಂವಾ. ನಾ ಚುಚ್ಚಿ ಮಾತಾಡ್ಲತ್ತೀನಿ ಅನ್ಕೊಂಡು, ಹೋದ ಸಲದ್ದು ಖರಾಬ್ ಇದ್ರ ಬದಲಿ ಕೊಡ್ತೀನಿ, ಗಿರಾಕಿ ಮುಂದ ಅನಬ್ಯಾಡ್ರಿ ಅಂತ ಕೈ ಮುಗಿದ. ಖರೇನೇ ಬೇಕು ಅಂದ ಮ್ಯಾಲ, ಜನಾ ಬೈದು ವಾಪಸ್ ಕೊಟ್ಟಿದ್ದ ಚೀಲದಾಗಿಂದು ತೂಗಿ ಕೊಟ್ಟ.

ಮುಂದಿನ ವಾರ ಅದೇ ಚೀಲ ಅಂಗಡಿ ಮುಂದ ಕುಂತಿತ್ತು. ಮ್ಯಾಲೊಂದು ರಟ್ಟಿನ ಪಾಟಿ: ‘ಸ್ಪೆಶಲ್ ಕೊರಿಯಾ ಅಕ್ಕಿ’. ಬೆಲಿನೂ ಏರಿತ್ತು.

೨. ಕಿಡಕಿ ಪರದಾ

ಸುತ್ಲಿಕ್ಕಿ ಬಿದಿರಿನ ಸಣ್ಣ ಚಾಪಿ ಬೇಕು. ಉಮರ್ಗಾ ಬಜಾರದಾಗ ಎಲ್ಲಿ ಸಿಗಬೇಕು? ಮಲಗೂ ಖೋಲಿ ಕಿಡಕಿಗಿ ಬಿದಿರ ಕಡ್ಡಿ ಪರದಾ ಇತ್ತು. ತಳದಾಗ ಒಂದು ಗೇಣು ಕತ್ತರಿಸಿ, ತೊಳದು, ಒಣಗ್ಸಿದೆ. ಮೊದಲನೇದು ದಾರ ಬಿಚ್ಚಿ ಹಾಳಾಯ್ತು, ಇನ್ನೊಂದು ಗೇಣು ಕತ್ತರಿಸ್ದೆ.

ನಾಕು ದಿನದ ಮ್ಯಾಲ ಎದುರು ಮನಿ ಬಾಯಿ ಬಂದು, ಅಯ್ಯನವರು ಮುಂಜಾನಿ ವಿಭೂತಿ ಎಷ್ಟು ಚಂದ ಹಚ್ಕೋತಾರ್ರೀ, ಬೆನ್ನಿಗೂ ಸುದ್ದಾ, ಅಂತ ತಾರೀಫ್ ಮಾಡಿ ಹ್ವಾದ್ಳು.

ಇವರು ಅವತ್ತಿಂದ ಅಡಗಿಮನ್ಯಾಗ ಅಂಗಿ ತೊಡ್ಲತ್ತಾರ.

೩. ವಾಸನಿ

ಕರಿ ಹಾಳಿ ಹಂಚಿನ ಮ್ಯಾಲ ಬೆಚ್ಚಗ ಮಾಡಿದ್ರ ಸಮುದ್ರದ ವಾಸನಿ ಬರ್ತದ. ನಮ್ಮ ಓಣ್ಯಾಗ ಸಮುದ್ರ ನೋಡ್ದವರು ಕಮ್ಮಿ, ಮೂಗಿದ್ದವರು ಬಾಳ. ಅಯ್ಯನವರ ಮನ್ಯಾಗ ಮೀನ ಸುಡ್ಲತ್ತಾರ ಅಂತ ಸುದ್ದಿ ಎದ್ದು, ನಮಗಿಂತ ಮೊದಲು ಬಸ್ ಹತ್ತಿ ಕಾಸಾರಶಿರಸಿಗಿ ಹೋಯ್ತು. ಅಲ್ಲಿ ಒಬ್ರು ಭಕ್ತರ ಹೊಸಾ ಮನಿ ಪೂಜಾ ಇವರಿಗಿ ಹೇಳಿದ್ರು. ಆ ಮನಿ ಯಜಮಾನ ಫೋನ್ ಮಾಡಿ, ಬಿಸಲು ಬಾಳ ಅದ, ನಿಮಗ್ಯಾಕ ತ್ರಾಸು, ಬ್ಯಾರೇದವರಿಗಿ ಕರೀತೀವಿ ಅಂದ.

ಇವರು ನನಗ ಒಂದು ಮಾತು ಬೈಲಿಲ್ಲ. ತಾಟಿನ ಮುಂದ ಕುಂತ್ರು, ಉಣಲಿಲ್ಲ. ಬೈದಿದ್ರ ಚಲೋ ಇತ್ತು. ಇವರ ಅಪ್ಪನ ಕಾಲದಿಂದ ನಡಕೊಂಡು ಬಂದ ಮನಿ ಅದು.

ಮರುದಿನ ಡಬ್ಬಿ ತುಂಬ ಸುರುಳಿ, ಎರಡು ಒಣಾ ಹಾಳಿ ತಗೊಂಡು ಇವರಿಗಿ ಎಳಕೊಂಡು ಕಾಸಾರಶಿರಸಿಗಿ ಹ್ವಾದೆ. ಅವತ್ತೇ ಪೂಜಾ, ಹೊಸಾ ಮನಿ ಪಡಸಾಲ್ಯಾಗ ಮಂದಿ ಕೂಡಿದ್ರು, ಬ್ಯಾರೇ ಅಯ್ಯನವರು ಇನ್ನಾ ಬಂದಿರಲಿಲ್ಲ. ಮೆಂತಿ ಸೊಪ್ಪು ಹೊಲದಾಗ ಬೆಳದಂಗ ಇದು ನೀರಾಗ ಬೆಳೀತದ ಅಂತ ಹಾಳಿ ತೋರ್ಸಿ ಹೇಳ್ದೆ. ಯಾರೂ ಮುಟ್ಟಲಿಲ್ಲ. ಯಜಮಾನ ತನ್ನ ತಾಯಿ ಕಡಿ ನೋಡ್ದ. ಎಂಬತ್ತು ದಾಟಿದ ಅಜ್ಜಿ, ಕೊಳ್ಳಾಗ ಲಿಂಗ, ಹಣಿ ತುಂಬ ವಿಭೂತಿ. ಆ ಮನ್ಯಾಗ ಆಕಿ ಮಾತೇ ಕಡಿ ಮಾತು.

ಅಜ್ಜಿ ಒಂದು ತುಣುಕು ಮೂಸಿ ನೋಡಿ ಬಾಯಾಗ ಹಾಕ್ಕೊಂಡ್ಳು. ಸಾವಕಾಶ ಅಗದು ನುಂಗಿ, ಇನ್ನೊಂದು ತಗೊಂಡ್ಳು. ಅದೂ ಮುಗದ ಮ್ಯಾಲ ಅಂದ್ಳು:

“ಇದು ಮೀನ ಅಲ್ಲ. ಮೀನಿನ ರುಚಿ ಬ್ಯಾರೇನೇ ಇರ್ತದ.”

ಯಜಮಾನ ಹೊಸಾ ಮನಿ ಸ್ಲ್ಯಾಬ್ ನೋಡ್ಕೊಂತ ನಿಂತ, ಸೊಸಿ ಸೆರಗು ಬಾಯಿಗಿ ಒತ್ಕೊಂಡು ಒಳಗ ಹ್ವಾದ್ಳು. ನಮ್ಮ ಮನಿಯವರು ಮಾತ್ರ, ಮುಹೂರ್ತ ಮೀರ್ಲತ್ತದ ಅಂತ ಲಗೂನೆ ಘಂಟಿ ಬಾರಿಸಿ ಪೂಜಾ ಶುರು ಮಾಡಿದ್ರು.