ಕೆಂಚಪ್ಪನವರ ಲ್ಯಾಪ್‌ಟಾಪಿಗೆ ಬಂದ ಏಳು ಮಂದಿ

ಆ ಅಮಾವಾಸ್ಯೆಯ ಬೆಳಿಗ್ಗೆ ಘೋಡಗೇರಿಯ ಮೇಲೆ ಮಂಜು ಹಾಲಿನ ಕೆನೆಯಂತೆ ದಪ್ಪಗೆ ಕುಳಿತಿತ್ತು. ಎದುರು ಮನೆಯ ಬಾಳವ್ವನ ಎಮ್ಮೆ ಕಾಣುತ್ತಿರಲಿಲ್ಲ, ಅದರ ಕೊರಳ ಗಂಟೆ ಮಾತ್ರ ಕೇಳುತ್ತಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ದೀಪ ಹಚ್ಚಿಕೊಂಡು, ದಾರಿ ಕೇಳುತ್ತ ಹೋಗುವ ಪರಸ್ಥಳದವರಂತೆ ಮೆಲ್ಲಗೆ ಸಾಗಿದ್ದವು. ಇಂಥ ಬೆಳಗನ್ನು ಶಿವ ಪೂಜೆಗೆಂದೇ ಮಾಡಿಕೊಟ್ಟಿರುತ್ತಾನೆ ಎಂದು ನಂಬಿದ್ದ ಕೆಂಚಪ್ಪನವರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಲ್ಯಾಪ್‌ಟಾಪಿನ ಮುಂದೆ ಕುಳಿತರು.

ಸಂಜೆ ಆರಕ್ಕೆ ಮಠದಲ್ಲಿ ಶಿವಾನುಭವ ಗೋಷ್ಠಿ. ದಾಸೋಹದ ಬಗ್ಗೆ ಹತ್ತು ನಿಮಿಷ ಮಾತನಾಡಬೇಕಾದವರು ಕೆಂಚಪ್ಪನವರು. ಹತ್ತು ನಿಮಿಷವೇನು ಮಹಾ ಎನ್ನಬೇಡಿ. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದ ಅವರು ಎಷ್ಟೋ ಹೆಡ್‌ಮಾಸ್ತರರಿಗೆ ಸ್ವಾಗತ ಭಾಷಣ, ಎಷ್ಟೋ ಅಧ್ಯಕ್ಷರಿಗೆ ಬೀಳ್ಕೊಡುಗೆಯ ಮಾತು ಬರೆದು ಟೈಪು ಮಾಡಿಕೊಟ್ಟಿದ್ದರು. ಮಾತು ಇವರದು, ಚಪ್ಪಾಳೆ ಅವರದು. ಸ್ವಂತ ಬಾಯಿಂದ ಮೈಕಿನಲ್ಲಿ ಆಡಿದ್ದೆಂದರೆ ಒಂದು ಸ್ವಾತಂತ್ರ್ಯ ದಿನದ ಬೆಳಿಗ್ಗೆ ಹೇಳಿದ "ಹಲೋ, ಹಲೋ, ಚೆಕ್" ಅಷ್ಟೇ. ಈಗ ಅರವತ್ತಾರನೆಯ ವಯಸ್ಸಿನಲ್ಲಿ, ಊರಿನ ಮುಂದೆ, ಮಠದ ಸ್ವಾಮಿಗಳಾದ ಅಜ್ಜಾವರ ಸಮ್ಮುಖದಲ್ಲಿ, ತಮ್ಮದೇ ಮಾತನ್ನು ತಾವೇ ಆಡುವುದಿತ್ತು.

ಮಗಳು ಐಶ್ವರ್ಯ ಮದುವೆಯಾಗಿ ಮೂಡಲಗಿಗೆ ಹೋಗುವಾಗ ಬಿಟ್ಟುಹೋದ ಲ್ಯಾಪ್‌ಟಾಪು ಅದು. ಟೈಪ್‌ರೈಟರಿನ ಕಾಲದ ಗಟ್ಟಿ ಬೆರಳುಗಳಿಂದ ಒಂಬತ್ತು ದಿನ ಕುಟ್ಟಿ ಮೂರು ಪುಟ ಬರೆದಿದ್ದರು. ದಿನದ ಬರವಣಿಗೆ ಮುಗಿದಾಗ ಪುರಾಣದ ಪುಸ್ತಕ ಮಡಿಚಿದಂತೆ ಮುಚ್ಚಳ ಮಡಿಚಿ, ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತಿದ್ದರು. ಮರುದಿನ ತೆರೆದರೆ ಅಕ್ಷರಗಳು ಬಿಟ್ಟಲ್ಲೇ ಕಾಯುತ್ತಿದ್ದವು. ಒಮ್ಮೆ ಒತ್ತಿದ ಅಕ್ಷರ ನಿಂತೇ ನಿಲ್ಲುತ್ತದೆ ಎಂಬುದು ಟೈಪ್‌ರೈಟರು ಅವರಿಗೆ ಕಲಿಸಿದ ನಂಬಿಕೆ.

ಇನ್ನು ಅದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಕೊಳ್ಳುವುದೊಂದೇ ಬಾಕಿ. ಪ್ರಿಂಟರಿಗೆ ಅಪ್ಪಣೆ ಕೊಟ್ಟರು. ಹಾಳೆ ಬರಲಿಲ್ಲ, ಪರದೆಯ ಮೇಲೆ ಒಂದು ಚೌಕ ಬಂತು. ಅದು ಪ್ರಿಂಟರು ಮಾಡಿದ ಕಂಪನಿಯವರದು. ತಮ್ಮ ಸಾಫ್ಟ್‌ವೇರಿನ ಹೊಸ ಅಪ್‌ಡೇಟು ಬಂದಿದೆ, ದಯವಿಟ್ಟು ಹಾಕಿಕೊಳ್ಳುವಿರಾ ಎಂದು ಶುದ್ಧ ಕನ್ನಡದಲ್ಲಿ ಕೇಳಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಮೇಲಿನ ಕಚೇರಿಯೂ ಕೆಂಚಪ್ಪನವರಿಗೆ 'ದಯವಿಟ್ಟು' ಎಂದಿರಲಿಲ್ಲ. ಅವರು ಸಂತೋಷದಿಂದ ಒಪ್ಪಿದರು.

ಕೂಡಲೇ ಇನ್ನೊಂದು ಚೌಕ. ಇದರ ಜೊತೆಗೆ, ಬೇಕಿದ್ದರೆ, ಉಚಿತವಾಗಿ, ಫೋಟೋ ಸಿಂಗರಿಸುವ ಸಾಫ್ಟ್‌ವೇರು. ಅದರ ಹಿಂದೆ ಮನೆಯಲ್ಲೇ ಕುಳಿತು ಸಾಮಾನು ಕೊಳ್ಳಲು ಒಬ್ಬ ಗೆಳೆಯ. ಅದರ ಹಿಂದೆ ಹವಾಮಾನ ಹೇಳುವ ಗಿಳಿ. ಕೊನೆಗೆ ಕಂಪ್ಯೂಟರಿನ ಕಸ ತೆಗೆಯುವ ಸಹಾಯಕಿ. ಪ್ರತಿಯೊಂದರ ಮುಂದೆಯೂ ಅವರೇ ಮೊದಲು ಸರಿ ಗುರುತು ಹಾಕಿಟ್ಟಿದ್ದರು, ಬೇಕೋ ಬೇಡವೋ ಕೇಳುವ ಮೊದಲೇ ಎಲೆಗೆ ಹೋಳಿಗೆ ಹಾಕಿದ ಹಾಗೆ. 'ಒಪ್ಪಿದೆ' ಎಂಬ ಗುಂಡಿ ಹಸಿರು ಶಾಲು ಹೊದ್ದ ಯಜಮಾನನಂತೆ ನಟ್ಟನಡುವೆ ಕುಳಿತಿತ್ತು. 'ಬೇಡ' ಎಂಬುದು ಬೀಗರ ಮನೆಗೆ ಬಂದ ಬಡ ನೆಂಟನಂತೆ ಮೂಲೆಯಲ್ಲಿ ಮುದುಡಿತ್ತು.

ಕೆಂಚಪ್ಪನವರು ಮಠದ ಪಂಕ್ತಿಯಲ್ಲಿ ಉಂಡು ಬೆಳೆದವರು. ಅಲ್ಲಿ ನೀಡುವವನು ಮುಂದೆ ಬಂದು ನಿಂತಮೇಲೆ ಒಲ್ಲೆ ಎನ್ನುವ ರೂಢಿಯಿಲ್ಲ. ಹೊಟ್ಟೆ ತುಂಬಿದ್ದರೂ ನಾಲ್ಕು ಅಗಳಾದರೂ ನೀಡಿಸಿಕೊಳ್ಳಬೇಕು. ಪ್ರೀತಿಯಿಂದ ಕೊಟ್ಟದ್ದನ್ನು ದೂಡಿದರೆ ಶಿವನ ಕೈಯನ್ನೇ ದೂಡಿದಂತೆ ಎಂದು ತಾಯಿ ಹಣಮವ್ವ ಹೇಳಿ ಬೆಳೆಸಿದ್ದಳು. ಎಲ್ಲೋ ದೂರದ ಕಂಪನಿಯೊಂದು ಘೋಡಗೇರಿಯ ಮುದುಕನೊಬ್ಬನಿಗೆ ಕರೆದು ಕರೆದು ನೀಡುತ್ತಿದೆಯಲ್ಲ, ಇದೂ ದಾಸೋಹವೇ ಎಂದು ಅವರ ಮನಸ್ಸು ತುಂಬಿ ಬಂತು. ನಾಲ್ಕು ಸಲ ಕೈಮುಗಿದು ನಾಲ್ಕು ಸಲ ಒಪ್ಪಿದರು.

ನಾಲ್ವರೂ ಒಟ್ಟಿಗೇ ಒಳಗೆ ಬಂದರು. ಗಿಳಿ ಪರದೆಯ ಮೂಲೆಯಲ್ಲಿ ಕುಳಿತು, ಹೊರಗೆ ಮಂಜು ಕವಿದಿರುವಾಗ, ಇಂದು ಒಳ್ಳೆಯ ಬಿಸಿಲಿದೆ ಎಂದಿತು. ಸಿಂಗಾರದವನು ದಾಸೋಹದ ಮೂರು ಪುಟದ ಸುತ್ತ ಬಲೂನು ಕಟ್ಟಿದ. ಕೊಡಿಸುವ ಗೆಳೆಯ ಕುಕ್ಕರು, ಸೀರೆ, ನಾಯಿಮರಿಯ ಸ್ವೆಟರುಗಳನ್ನು ಒಂದರ ಹಿಂದೊಂದು ಮೆರವಣಿಗೆ ಹೊರಡಿಸಿದ. ಸಹಾಯಕಿಯಾದರೋ ಬಾಯಿಬಿಟ್ಟು ಮಾತನಾಡಿದಳು. ಜೇನಿನಂಥ ದನಿ. "ನಮಸ್ಕಾರ, ನಾನು ಬಂದಿದ್ದೇನೆ. ಇಲ್ಲಿ ಬಹಳ ಕಸ ಇದೆ."

ಹಾಲಿನ ತಂಬಿಗೆ ಹಿಡಿದು ಅಂಗಳದಲ್ಲಿ ಹಾದುಹೋಗುತ್ತಿದ್ದ ಬಾಳವ್ವ ಅಲ್ಲೇ ನಿಂತಳು. ಕೆಂಚಪ್ಪನವರ ಹೆಂಡತಿ ಶೋಭಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದುದು ಅವಳಿಗೆ ಗೊತ್ತಿತ್ತು. ಹಾಗಾದರೆ ಒಳಗಿನ ದನಿ ಯಾರದು? ಮಂಜಿನಲ್ಲೇ ದಾರಿ ಮಾಡಿಕೊಂಡು ಹಿತ್ತಲಿಗೆ ಹೋದಳು.

"ಶೋಭಾ, ನಿಮ್ಮ ಮನ್ಯಾಗ ಯಾವಾಕಿ ಬಂದಾಳವ್ವಾ? ಕೆಂಚಪ್ಪನ ಮುಂದ ಕುಂತು, ನಾ ಬಂದೇನಿ, ಮನಿ ತುಂಬ ಕಸಾ ಐತಿ ಅನ್ನಾಕತ್ತಾಳ."

ಶೋಭಾ ಬಟ್ಟೆ ಹಿಂಡುತ್ತಲೇ ಉತ್ತರ ಕೊಟ್ಟಳು. "ಕಸಾ ಹೊಡಿಯಾಕಿ ಇದ್ರ ಇರ್ಲಿ ಬಿಡತ್ತಿ. ಮೂವತ್ತೆಂಟ ವರ್ಷದಾಗ ನನ್ನ ಬಿಟ್ಟ ಯಾರೂ ಹೊಡದಿಲ್ಲ."

ಆದರೂ ನೋಡಲು ಬಂದಳು. ಅವಳ ಹಿಂದೆ ಬಾಳವ್ವ, ಬಾಳವ್ವನ ಹಿಂದೆ ಓಣಿಯ ಅರ್ಧ ಮಂದಿ ಬಂದರು. ಎಲ್ಲರೂ ಬಗ್ಗಿ ಬಗ್ಗಿ ನೋಡಿ, ಗಿಳಿ ಚೆನ್ನಾಗಿದೆ ಎಂದರು. ಒಬ್ಬರು ಕುಕ್ಕರಿನ ಕಿಮ್ಮತ್ತು ಕೇಳಿದರು. ಬಲೂನಿನ ನಡುವೆ ಸಿಕ್ಕಿಕೊಂಡ ಭಾಷಣದ ಚಿಂತೆ ಕೆಂಚಪ್ಪನವರೊಬ್ಬರಿಗೇ ಇತ್ತು.

ಆಗ ಬಂದವನು ಭೀಮಶಿ. ಟ್ರ್ಯಾಕ್ಟರು, ಪಂಪುಸೆಟ್ಟು, ಮೊಬೈಲು, ಏನೇ ಕೆಟ್ಟರೂ ಊರವರು ಕರೆಯುವುದು ಅವನನ್ನೇ. ಕೈಯ ಗ್ರೀಸು ಒರೆಸಿಕೊಂಡು ಪರದೆಯನ್ನು ದಿಟ್ಟಿಸಿ ನೋಡಿ, ನಾಡಿ ಹಿಡಿದ ವೈದ್ಯನಂತೆ ತಲೆಯಾಡಿಸಿದ. ಇವು ಹೇಳಿದರೆ ಹೋಗುವಂಥವಲ್ಲ, ಒದ್ದು ಓಡಿಸುವುದಕ್ಕೇ ಬೇರೆ ಸಾಫ್ಟ್‌ವೇರು ಇದೆ ಎಂದು ಹೇಳಿ, ಹುಡುಕಿ ಅದನ್ನು ತಂದು ಕೂಡಿಸಿದ. ಅದೂ ಒಳಗೆ ಬರುತ್ತಲೇ, ನನ್ನ ಜೊತೆ ಇನ್ನಿಬ್ಬರಿದ್ದಾರೆ, ಅವರನ್ನೂ ಕರೆಯಲೇ ಎಂದು ಕೇಳಿತು. ಭೀಮಶಿಯ ಬೆರಳು ಮೂಲೆಯ ಗುಂಡಿಯತ್ತ ಹೊರಟಿತ್ತು. ಕೆಂಚಪ್ಪನವರು ಅವನ ಮುಂಗೈ ಹಿಡಿದರು.

"ನಮ್ಮ ಕೆಲಸಕ್ಕ ಬಂದೈತಿ ಭೀಮಶಿ. ಅದನ್ನ ಒಳಗ ಕರದು, ಜೋಡಿ ಬಂದವ್ರನ್ನ ಬಾಗಲದಾಗ ನಿಂದ್ರಸೂದು ಛಲೋ ಕಾಣೂದಿಲ್ಲ."

"ಕಾಕಾ, ಇವು ಮನಷ್ಯಾರಲ್ಲ."

"ಅಲ್ಲದಿದ್ರ ಇರ್ಲಿ. ನಾವು ಮನಷ್ಯಾರ ಅದೇವಲ್ಲ," ಎಂದು ಹೇಳಿ ಕೆಂಚಪ್ಪನವರು ಹಸಿರು ಗುಂಡಿ ಒತ್ತಿದರು.

ಅಲ್ಲಿಗೆ ಏಳು ಮಂದಿಯಾದರು. ಓಡಿಸಲು ಬಂದವನು ಸಹಾಯಕಿಯನ್ನು ಕಳ್ಳಿ ಎಂದ, ಸಹಾಯಕಿ ಅವನನ್ನೇ ಕಳ್ಳ ಎಂದಳು. ಅವನ ಜೊತೆಗಾರರಲ್ಲಿ ಒಬ್ಬ ಹಾಡು ಹಚ್ಚಿದ, ಇನ್ನೊಬ್ಬ ಕೆಂಚಪ್ಪನವರ ಜನ್ಮದಿನಾಂಕ ಕೇಳತೊಡಗಿದ. ಲ್ಯಾಪ್‌ಟಾಪು ಎರಡು ಟ್ರೇಲರು ಕಬ್ಬು ಕಟ್ಟಿದ ಟ್ರ್ಯಾಕ್ಟರು ಏರಿನಲ್ಲಿ ಮುಂಗಾಲೆತ್ತಿದಂತೆ ಗುರ್ ಎಂದು ನಿಂತುಬಿಟ್ಟಿತು. ಇಷ್ಟರಲ್ಲಿ ಪ್ರಿಂಟರಿಗೆ ಎಚ್ಚರವಾಯಿತು. ಎಲ್ಲರೂ ಭಾಷಣ ಬಂತೆಂದು ಸರಿದು ಜಾಗ ಕೊಟ್ಟರು. ಬಂದದ್ದು ಕಂಪನಿಯ ವಂದನೆಯ ಪತ್ರ. ಹುಲ್ಲಿನ ಮೇಲೆ ಕುಳಿತು ನಗುತ್ತಿರುವ ಸಂಸಾರವೊಂದರ ಬಣ್ಣದ ಚಿತ್ರ, ಕೆಳಗೆ 'ನಮ್ಮನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದ'. ಒಂದಲ್ಲ, ಹನ್ನೊಂದು ಹಾಳೆ. ಹನ್ನೆರಡನೆಯದರಲ್ಲಿ ಆ ಸಂಸಾರದ ತಲೆಗಳಷ್ಟೇ ಮೂಡಿ ಶಾಯಿ ತೀರಿಹೋಯಿತು. ಬಾಳವ್ವ ಎರಡು ಹಾಳೆ ಕೇಳಿ ಇಸಿದುಕೊಂಡಳು, ಎಮ್ಮೆಯ ಕೊಟ್ಟಿಗೆಗೆ ಅಂಟಿಸುತ್ತಾಳಂತೆ.

ಇನ್ನು ಗೋಕಾಕಕ್ಕೆ ಹೋಗಿ ಸುಮನಳಿಗೆ ತೋರಿಸುವುದೇ ದಾರಿ ಎಂದು ಭೀಮಶಿ ಕೈಚೆಲ್ಲಿದ. ಕೆಂಚಪ್ಪನವರು ಲ್ಯಾಪ್‌ಟಾಪನ್ನು ಶಾಲಿನಲ್ಲಿ ಸುತ್ತಿ, ಜ್ವರ ಬಂದ ಕೂಸನ್ನು ಒಯ್ಯುವಂತೆ ಎದೆಗವಚಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದರು.

ಸುಮನ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರು ರಿಪೇರಿಯ ಅಂಗಡಿ ಇಟ್ಟವಳು, ಐಶ್ವರ್ಯಳ ವಾರಗೆಯ ಹುಡುಗಿ. ಕೆಂಚಪ್ಪನವರು ಅವಳಿಗೆ ಒಂದೇ ಕರಾರು ಹಾಕಿದರು. ಏನು ಬೇಕಾದರೂ ಮಾಡು, ನನ್ನ ಬರವಣಿಗೆ ತೆರೆದದ್ದು ತೆರೆದಂತೆಯೇ ಇರಲಿ, ಅದಕ್ಕೆ ಕೈ ಹಚ್ಚಬೇಡ. ಅವಳು ಗದ್ದುಗೆಯ ಸುತ್ತ ಕಸ ಗುಡಿಸುವವರು ಗದ್ದುಗೆ ಮುಟ್ಟದಂತೆ ಕೆಲಸ ಮಾಡಿದಳು. ಗಿಳಿ ಹಾರಿತು, ಬಲೂನು ಬಿಚ್ಚಿದವು, ಮೆರವಣಿಗೆ ಚದುರಿತು, ಓಡಿಸಲು ಬಂದವನೂ ತನ್ನ ಜೊತೆಗಾರರೊಂದಿಗೆ ಹೊರಟುಹೋದ. ಸಹಾಯಕಿ ಮಾತ್ರ ಹಟಮಾರಿ, ಯಂತ್ರ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದರೇ ಅವಳು ಹೋಗುವುದು ಎಂದು ಸುಮನ ಹೇಳುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ಅದನ್ನು ಊರಲ್ಲಿ ನೀವೇ ಮಾಡಿಕೊಳ್ಳಿ, ಶಾಯಿಗೆ ಅಲೆಯಬೇಡಿ, ಇದನ್ನೇ ಮುಂದಿಟ್ಟುಕೊಂಡು ಓದಿ ಎಂದು ಬುದ್ಧಿ ಹೇಳಿದಳು. ಬಳಿಕ ಕೆಂಚಪ್ಪನವರ ಮುಖ ನೋಡಿ ಸುಮ್ಮನಿರಲಾರದೆ ಮತ್ತೊಂದು ಮಾತು ಸೇರಿಸಿದಳು.

"ಕಾಕಾ, ಅವ್ರು ಕೊಡ್ತೇವಿ ಅಂದದ್ದೆಲ್ಲಾ ತೊಗೋಬೇಕಂತ ಏನಿಲ್ರಿ. ಇನ್ನ ಮ್ಯಾಲೆ ಅದು ಏನ ಕೇಳಿದ್ರೂ ಬ್ಯಾಡ ಅನ್ರಿ. ಎಲ್ಲಿ, ಒಮ್ಮಿ ಅಂದ ತೋರಸ್ರಿ. ಚಾ ಕುಡಿತೀರಿ?"

"ಆತವಾ, ತರಸು."

"ಹಂಗಲ್ರಿ. ಬ್ಯಾಡ ಅನ್ರಿ. ಚಾ ಕುಡಿತೀರಿ?"

"ಅರ್ಧಾ ಕಪ್ಪ ತರಸು ಹಂಗಾರ."

ಮೂರನೆಯ ಸಲಕ್ಕೆ, ಹಣೆಯ ಮೇಲೆ ಬೆವರು ಮೂಡಿ, ಕೆಂಚಪ್ಪನವರ ಬಾಯಿಂದ 'ಬ್ಯಾಡ' ಹೊರಬಿತ್ತು. ಬೆಳಗಿನಿಂದ ಹನಿ ಚಹಾ ಕಾಣದ ಅವರಿಗೆ ಅದು ನಿಜಕ್ಕೂ ಬೇಕಾಗಿತ್ತು. ಆದರೂ ಹೊಸ ವಿದ್ಯೆಯೊಂದು ಕೈಗೆ ಹತ್ತಿದ ಹಿಗ್ಗಿನಲ್ಲಿ ಎದ್ದರು. ದಾರಿಯುದ್ದಕ್ಕೂ ಅಭ್ಯಾಸ ಮಾಡಿದರು. ಶೇಂಗಾ ಮಾರುವವನಿಗೆ ಬ್ಯಾಡ. ಕಿಟಕಿ ಮುಚ್ಚಲೇ ಎಂದ ಪಕ್ಕದವನಿಗೆ ಬ್ಯಾಡ. ಅದೇ ಓಘದಲ್ಲಿ ಟಿಕೆಟ್ ಎಂದ ಕಂಡಕ್ಟರನಿಗೂ ಬ್ಯಾಡ ಎಂದುಬಿಟ್ಟರು. ಅವನು ಹಂಗಾರ ಇಳೀರಿ ಎಂದಾಗ ನಾಲಿಗೆ ಕಚ್ಚಿಕೊಂಡರು.

ಐದೂವರೆಗೆ ಮಠ ತಲುಪಿದಾಗ ಜಮಖಾನೆ ಹಾಸುತ್ತಿದ್ದರು. ಕೆಂಚಪ್ಪನವರು ಪಡಸಾಲೆಯ ಕಂಬಕ್ಕೆ ಒರಗಿ, ಶಾಲು ಬಿಚ್ಚಿ, ಹಟಮಾರಿ ಸಹಾಯಕಿಯನ್ನೂ ಕಳಿಸಿಬಿಡೋಣವೆಂದು ಯಂತ್ರ ಬಂದ್ ಮಾಡಲು ಒತ್ತಿದರು. ಹೋಗುವ ಮುಂಚೆ ಅದು ಒಂದು ಚೌಕ ತೋರಿಸಿತು. ಮೂರು ಪುಟಗಳಿವೆ, ಉಳಿಸಿಕೊಳ್ಳಲೇ?

ಕೆಂಚಪ್ಪನವರು ಮುಗುಳ್ನಕ್ಕರು. ಮತ್ತೆ ಬಂದೆಯಾ ಎಂದುಕೊಂಡರು. ಬೆನ್ನು ನೆಟ್ಟಗೆ ಮಾಡಿ, ಮೂಲೆಯಲ್ಲಿ ಮುದುಡಿದ್ದ ಆ ಬಡ ನೆಂಟನನ್ನು ಹುಡುಕಿ, ಗಟ್ಟಿಯಾಗಿ ಒತ್ತಿದರು. ಬೇಡ.

ಯಂತ್ರ ಆರಿ ಮತ್ತೆ ಹೊತ್ತಿಕೊಂಡಿತು. ಸಾರಿಸಿದ ಅಂಗಳದಂತೆ ಶುಭ್ರವಾಗಿತ್ತು. ಗಿಳಿಯಿಲ್ಲ, ಕುಕ್ಕರಿಲ್ಲ, ಸಹಾಯಕಿಯಿಲ್ಲ. ದಾಸೋಹವೂ ಇಲ್ಲ.

ಮೊದಲು ಅವರು ಹೆದರಲಿಲ್ಲ, ಒಳಗೆಲ್ಲೋ ಇದ್ದೀತು ಎಂದುಕೊಂಡರು. ನಂತರ ಮುಚ್ಚಳ ಮಡಿಚಿ ತೆರೆದರು. ಆಮೇಲೆ ಗೋಷ್ಠಿಗೆ ಬಂದಿದ್ದ ಭೀಮಶಿಯನ್ನು ಕೈಮಾಡಿ ಕರೆದರು. ಅವನು ಅಲ್ಲಿ ಇಲ್ಲಿ ಹುಡುಕಿ, ಯಾವ ಹೆಸರಿನಲ್ಲಿ ಇಟ್ಟಿದ್ದಿರಿ ಎಂದು ಕೇಳಿದ.

"ಇಡೂದಂದ್ರ? ಬರದಿದ್ನಲ್ಲೋ, ಒಂಬತ್ತ ದಿನಾ."

ಭೀಮಶಿ ಅವರ ಮುಖ ನೋಡಲಿಲ್ಲ. ಮೆಲ್ಲಗೆ ಮುಚ್ಚಳ ಮಡಿಚಿ, ಶಾಲು ಹೊದಿಸಿದ.

ಅಷ್ಟರಲ್ಲಿ ಅಜ್ಜಾವರು ಬಂದು ಕುಳಿತಿದ್ದರು, ಮಠ ತುಂಬಿತ್ತು. ಮೊದಲ ಸಾಲಿನಲ್ಲಿ ಶೋಭಾ ಹೊಸ ಸೀರೆ ಉಟ್ಟು ಬಂದಿದ್ದಳು. ಬಾಳವ್ವ ಅವಳ ಪಕ್ಕದಲ್ಲಿ, ಕೇಳಿಯೇ ಏಳುವವಳಂತೆ ಕಾಲು ಮಡಿಚಿ ಕುಳಿತಿದ್ದಳು. ಕೆಂಚಪ್ಪನವರು ತಲೆಯೊಳಗೆ ತಡಕಾಡಿದರು. ಮೊದಲ ಸಾಲಿನ 'ಪೂಜ್ಯರೇ' ಬಿಟ್ಟು ಒಂದು ಅಕ್ಷರವೂ ಸಿಗಲಿಲ್ಲ. ಶಿವನೇ, ಇದೊಂದು ಸಂಜೆ ದಾಟಿಸು ಎಂದು ಕಣ್ಣು ಮುಚ್ಚಿದರು.

ಕಣ್ಣು ತೆರೆದಾಗ ಅಲ್ಲಪ್ಪ ಮೈಕಿನ ಮುಂದೆ ನಿಂತಿದ್ದರು. ಕೆಂಚಪ್ಪನವರಿಗೆ ಹೋದ ಜೀವ ಬಂದಂತಾಯಿತು. ಈ ಅಲ್ಲಪ್ಪ ಹಳೆಯ ಪಂಚಾಯತಿ ಮೆಂಬರರು. ಮೈಕು ಸಿಕ್ಕರೆ ಅವರಿಗೆ ಹೊತ್ತಿನ ಪರಿವೆ ಇರುತ್ತಿರಲಿಲ್ಲ. ಹೋದ ಅಮಾವಾಸ್ಯೆಯಲ್ಲೂ ಮೊದಲ ಮಾತು ಅವರದೇ ಇತ್ತು, ಎರಡನೆಯದು ಕೆಂಚಪ್ಪನವರದು. ಕಾಯಕದ ಬಗ್ಗೆ ಹತ್ತು ನಿಮಿಷಕ್ಕೆಂದು ಎದ್ದ ಅಲ್ಲಪ್ಪ ಇಪ್ಪತ್ತು ನಿಮಿಷ ತೆಗೆದುಕೊಂಡದ್ದರಿಂದ, ಕೆಂಚಪ್ಪನವರು ಏಳುವ ಮೊದಲೇ ಮಂಗಳಾರತಿಯ ಗಂಟೆ ಬಾರಿಸಿತ್ತು. ಆಗ ಬೇಸರಪಟ್ಟಿದ್ದ ಕೆಂಚಪ್ಪನವರು ಈಗ ಅದೇ ಅಲ್ಲಪ್ಪನವರನ್ನು ಭಕ್ತಿಯಿಂದ ನೋಡಿದರು. ಮಾತಾಡಪ್ಪಾ, ಇವತ್ತು ಮೂವತ್ತು ನಿಮಿಷ ಮಾತಾಡು. ಗಂಟಲು ಒಣಗದಿರಲೆಂದು ಒಂದು ಲೋಟ ನೀರನ್ನೂ ತಾವೇ ಒಯ್ದು ಅವರ ಮುಂದಿಟ್ಟು ಬಂದರು.

ಅಲ್ಲಪ್ಪ ಆ ನೀರಿನ ಲೋಟವನ್ನೇ ಒಂದು ಗಳಿಗೆ ನೋಡಿದರು. ಬದುಕಿನಲ್ಲಿ ಮಾತಿಗಿಂತ ಕಾಯಕ ದೊಡ್ಡದು ಎಂದು ಎರಡೇ ನಿಮಿಷ ಹೇಳಿ, ಅಜ್ಜಾವರಿಗೆ ನಮಸ್ಕರಿಸಿ, ಮೈಕು ಹಿಡಿದುಕೊಂಡೇ ಕಂಬದ ಬಳಿ ನಡೆದು ಬಂದರು. ಕೆಂಚಪ್ಪನವರ ಪಕ್ಕದಲ್ಲಿ ಬಗ್ಗಿ, ಬೇರೆ ಯಾರಿಗೂ ಕೇಳದಂತೆ ಹೇಳಿದರು.

"ಹೋದ ಅಮಾಸಿಗೆ ನಿಮ್ಮ ಹತ್ತ ಮಿನಿಟ ನಾ ತಿಂದೆ. ತಿಂಗಳಾತು, ಮನಸಿಗೆ ಸಮಾಧಾನ ಇಲ್ಲ. ಇವತ್ತಿನವು ನಿಮ್ಮವ ಹತ್ತ ಅದಾವು. ನನ್ನ ಹತ್ತರಾಗ ಎಂಟ ಉಳಿಸೇನಿ, ಅವನ್ನೂ ತೊಗೋರಿ. ಸಾವಕಾಶ ಮಾತಾಡ್ರಿ."

ಮೈಕನ್ನು ಎರಡೂ ಕೈಯಿಂದ ಕೆಂಚಪ್ಪನವರ ಕೈಯಲ್ಲಿಟ್ಟು, ಅಲ್ಲಪ್ಪ ಜಮಖಾನೆಯ ತುದಿಗೆ ಹೋಗಿ ಕೈಕಟ್ಟಿ ಕುಳಿತರು.