ಅಳಿಯನ ಸುಪ್ರಾ, ಮಾವನ ಸಂತೆ

ಐವತ್ತು ದಾಟಿದ ಗಂಡಸಿಗೆ ಮನೆಯಲ್ಲಿ ಸ್ವಂತದ್ದು ಅಂತ ಏನು ಉಳಿದಿರುತ್ತದೆ, ನೀವೇ ಹೇಳಿ. ಖುರ್ಚಿ ಅಂತೀರಾ? ನಾನು ಏಳುವುದನ್ನೇ ಕಾಯುತ್ತಿದ್ದಂತೆ ಒಗೆದ ಬಟ್ಟೆಯ ರಾಶಿ ಬಂದು ಅದರ ಮೇಲೆ ಕೂರುತ್ತದೆ. ಟವೆಲ್ ಅಂತೀರಾ? ಇನ್ನೂ ಮೆತ್ತಗಾಗುವ ಮೊದಲೇ ಅದು ನೆಲ ಒರೆಸುವ ಅರಿವೆಯಾಗಿ ಬಡ್ತಿ ಪಡೆದಿರುತ್ತದೆ. ಇಂಥ ಬಡತನದಲ್ಲೂ ನನ್ನದೇ ಎನ್ನುವ ಒಂದು ವಸ್ತುವಿತ್ತು: ಜಪಾನಿನ ಒಂದು ಹಳೆಯ ಸ್ಪೋರ್ಟ್ಸ್ ಕಾರು, ಸುಪ್ರಾ. ಕೊಪ್ಪಳದ ಗುಮಾಸ್ತನಿಗೆ ಜಪಾನಿನ ಕಾರು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಅದು ಇದ್ದದ್ದು ನಮ್ಮ ಟೀವಿಯೊಳಗೆ, ಕಾರ್ ರೇಸಿನ ಗೇಮಿನಲ್ಲಿ. ಈಗ ಅಲ್ಲಿಯೂ ಇಲ್ಲ. ನನ್ನ ಮಾವನವರು ಅದನ್ನು ಮಾರಿಬಿಟ್ಟರು.

ಆ ಕಾರಿಗೂ ನನಗೂ ಹಳೆಯ ನಂಟು. ಗಂಗಾವತಿಯಲ್ಲಿ ಕಾಲೇಜು ಓದುವಾಗ ನಾನು ಹೋಗುತ್ತಿದ್ದ ಕ್ಷೌರದಂಗಡಿಯ ಗೋಡೆಯ ಮೇಲೆ ಅದರ ಚಿತ್ರದ ಕ್ಯಾಲೆಂಡರು ಇತ್ತು. ವರ್ಷ ಮುಗಿದರೂ ಅದನ್ನು ಯಾರೂ ತೆಗೆದಿರಲಿಲ್ಲ. ಉದ್ದ ಮೂತಿ, ಬೆನ್ನಿನ ಮೇಲೊಂದು ರೆಕ್ಕೆ, ಎರಡೇ ಬಾಗಿಲು. ನಾನು ಕಣ್ತುಂಬ ನೋಡಬೇಕು ಅನ್ನುವಷ್ಟರಲ್ಲಿ ಕ್ಷೌರಿಕ ನನ್ನ ತಲೆಯನ್ನು ಹಿಡಿದು ಕೆಳಗೆ ಬಗ್ಗಿಸುತ್ತಿದ್ದ. ಮುಂದೆ ನೌಕರಿ, ಮದುವೆ, ಸಾಲುಸಾಲಾಗಿ ಬಂದವೆಲ್ಲ ಅದೇ ಕೆಲಸ ಮಾಡಿದವು. ತಲೆ ಎತ್ತುವ ಹೊತ್ತಿಗೆ ತಲೆಯಲ್ಲಿ ಕೂದಲಿರಲಿಲ್ಲ.

ಹೋದ ವರ್ಷ ಮಗಳು ಧಾರವಾಡದ ಹಾಸ್ಟೆಲ್ಲಿಗೆ ಹೋಗುವಾಗ ಟೀವಿಗೆ ಹಚ್ಚುವ ತನ್ನ ಗೇಮಿನ ಡಬ್ಬಿಯನ್ನು ಬಿಟ್ಟುಹೋದಳು. ಒಂದು ಸಂಜೆ ಸುಮ್ಮನೆ ಹಚ್ಚಿ ನೋಡಿದೆ. ಸಾಲಾಗಿ ನಿಂತ ಕಾರುಗಳ ನಡುವೆ ಆ ಉದ್ದ ಮೂತಿ! ಕಣ್ಣಲ್ಲಿ ನೀರೇ ಬಂತು. ಆದರೆ ಅದು ಕೇಳಿದ ಕೂಡಲೇ ಸಿಗುವ ಮಾಲಲ್ಲ. ಸಣ್ಣಪುಟ್ಟ ಕಾರು ಓಡಿಸಿ, ರೇಸು ಗೆದ್ದು ಗಳಿಸಿಕೊಳ್ಳಬೇಕು. ಒಂದು ಇಡೀ ಮಳೆಗಾಲದ ಸಂಜೆಗಳನ್ನು ಧಾರೆ ಎರೆದು ಗಳಿಸಿದೆ. ಸ್ಟೀರಿಂಗು ನಮ್ಮ ಕಾರುಗಳಂತೆ ಬಲಗಡೆಗೇ ಇದ್ದದ್ದು ನೋಡಿ, ಇದು ನಮ್ಮ ಪೈಕಿಯೇ ಎನಿಸಿ ಇನ್ನಷ್ಟು ಪ್ರೀತಿ ಉಕ್ಕಿತು. ಕಚೇರಿಯಲ್ಲಿ ನನ್ನ ಕೈಗೆ ಬಂದ ಯಾವ ಕಡತವೂ ಇದುವರೆಗೆ ಅವಸರ ಮಾಡಿದ್ದಿಲ್ಲ. ಮನೆಗೆ ಬರುವ ಸ್ಕೂಟರು ಏರು ಬಂದರೆ ನನ್ನನ್ನೇ ಇಳಿ ಅನ್ನುತ್ತದೆ. ಅಂಥವನು ಸಂಜೆಯಾದರೆ ಜಪಾನಿನ ಬೆಟ್ಟದ ದಾರಿಯಲ್ಲಿ ಗಾಳಿಯಾಗುತ್ತಿದ್ದೆ. ತಿರುವುಗಳಲ್ಲಿ ಗೋಡೆಗೆ ಕೊಂಚ ಒರಗಿಕೊಂಡು ತಿರುಗುವುದು ನನ್ನ ಶೈಲಿ. ಸ್ಕೂಟರಿನಲ್ಲೂ ಅದೇ ಶೈಲಿ. ಕೊಪ್ಪಳದ ಮಗ್ಗುಲಿನ ಭಾಗ್ಯನಗರದ ನಮ್ಮ ಓಣಿಯ ಮೂಲೆಗೋಡೆಗೆ ಈಗಲೂ ನನ್ನ ಸ್ಕೂಟರಿನ ಬಣ್ಣ ಹತ್ತಿದೆ.

ಹೀಗಿರುವಾಗ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡ ಮಾವನವರು ಬೇವೂರಿನಿಂದ ನಮ್ಮ ಮನೆಗೆ ಬಂದರು. ಅವರು ಜೀವಮಾನವೆಲ್ಲ ಎತ್ತಿನ ವ್ಯಾಪಾರ ಮಾಡಿದವರು. ಕುಷ್ಟಗಿ, ಯಲಬುರ್ಗಾ ಕಡೆಯ ದನದ ಸಂತೆಗಳಲ್ಲಿ ಟವೆಲ್ಲಿನ ಕೆಳಗೆ ಕೈಹಿಡಿದು ಬೆರಳೊತ್ತಿ ಬೆಲೆ ಕಟ್ಟಿದವರು. ನನಗೆ ಮಗಳನ್ನು ಕೊಟ್ಟದ್ದೊಂದೇ ಅವರು ಕಣ್ಣುಮುಚ್ಚಿ ಮಾಡಿದ ವ್ಯಾಪಾರ ಎಂದು ಊರಲ್ಲಿ ಹೇಳುತ್ತಾರೆ. "ಸಂತಿಗೆ ಹೋಗಾಕ ಕಾಲಿಲ್ಲ ಅಂದಮ್ಯಾಲ ನಂದೇನೈತಿ ಇನ್ನ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟ ಸೇರದು, ಮಾತಿಲ್ಲ. ಹೆಂಡತಿ ಸರೋಜಾ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನಾನೂ ನೋಡಿದೆ. ಮನಸ್ಸು ಹಗುರವಾಗಲಿ ಎಂದು ಅವರ ಮಂಚವನ್ನು ಟೀವಿಯ ಎದುರಿಗೆ ಎಳೆದವನು ನಾನೇ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ನಾನು ಸುಪ್ರಾ ಓಡಿಸುವಾಗ ಮಾವನವರು ಹಿಂದಿನಿಂದ ಕಣ್ಣು ಕೀಲಿಸಿ ನೋಡುತ್ತ, ತಿರುವು ತಿರುವಿಗೂ "ಚ್ ಚ್" ಅನ್ನುತ್ತಿದ್ದರು. ಅಳಿಯನ ಕೈಚಳಕಕ್ಕೆ ಮೆಚ್ಚಿ ಲೊಚಗುಟ್ಟುತ್ತಿದ್ದಾರೆ ಎಂದು ನಾನು ಇನ್ನಷ್ಟು ಒತ್ತುತ್ತಿದ್ದೆ.

ಒಂದು ಸಂಜೆ ಕಚೇರಿಯಿಂದ ಬಂದವನು ಬೂಟು ಬಿಚ್ಚುವ ಮೊದಲೇ ಗೇಮ್ ಹಚ್ಚಿದೆ. ನನ್ನ ಸುಪ್ರಾ ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಟೆಂಪೋ, ಎರಡು ಜೀಪು ಮತ್ತು ಹಾಲಿನವರು ತರುವಂಥ ಒಂದು ವ್ಯಾನು ನಿಂತಿದ್ದವು.

"ಬರ್ರಿ ಅಳಿಯಾರ, ಬರ್ರಿ. ಭಾಳ ಛಲೋ ವ್ಯಾಪಾರ ಆತು ಇವತ್ತ" ಎಂದರು ಮಾವನವರು. ಮಂಚದ ಮೇಲೆ ನೆಟ್ಟಗೆ ಎದ್ದು ಕೂತಿದ್ದರು!

"ನನ್ನ ಕಾರ್ ಎಲ್ಲೈತ್ರಿ ಮಾವಾರ?"

"ಯಾವುದು? ಆ ಎರಡ ಬಾಗಲದ್ದಾ? ಸವಾಲಿಗೆ ಹಚ್ಚಿದ್ದೆ, ಹೋತು. ಹಿಂದ ಕುಂದ್ರಾಕ ಜಾಗಾನ ಇಲ್ಲ ಅದರಾಗ. ಮನಿಮಂದಿ ಹೆಂಗ ಹೋಗೂದು? ವಯಸ್ಸೂ ಆಗೈತಿ. ಎತ್ತಾಗಿದ್ರ ಇಷ್ಟೊತ್ತಿಗೆ ಹಲ್ಲ ಉದುರಿರತಿದ್ದು."

ಆ ಗೇಮಿನಲ್ಲಿ ಕಾರುಗಳ ಹರಾಜು ಕಟ್ಟೆಯೂ ಒಂದಿದೆ. ದೇಶದೇಶದ ಆಟಗಾರರು ಅಲ್ಲಿ ಸವಾಲು ಕೂಗಿ ಕಾರು ಕೊಳ್ಳುತ್ತಾರೆ. ನಾನು ಆ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಮಾವನವರಿಗೆ ಅದನ್ನು ತೋರಿಸಿದವಳು ನನ್ನ ಮಗಳೇ, ಫೋನಿನ ವಿಡಿಯೋದಲ್ಲಿ. ಅವಳಿಗೆ ಫೋನ್ ಹಚ್ಚಿ ಗೋಳಾಡಿದೆ. "ಮುತ್ಯಾ ಕೇಳಿದ, ಹೇಳಿಕೊಟ್ಟೆ. ಪಪ್ಪಾ, ಅದು ಗೇಮ್ ಐತಿ ಅಷ್ಟ. ನೀವು ಮುತ್ಯಾನ ಮುಖಾ ನೋಡ್ರಿ ಒಮ್ಮೆ" ಎಂದಳು. ಹೆಂಡತಿಯ ಕಡೆ ತಿರುಗಿದರೆ ಅವಳು ಬಾಗಿಲ ಮರೆಗೆ ಕರೆದು, "ರೀ, ಕೈ ಮುಗಿತೀನಿ, ಒಂದ ಮಾತ ಆಡಬ್ಯಾಡ್ರಿ. ಅಪ್ಪ ಇವತ್ತ ಕೇಳಿ ರೊಟ್ಟಿ ಹಾಕಿಸ್ಕೊಂಡು ಉಂಡಾನ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಈ ಸಲ ಬೇರೆ ನೀರು. ನನ್ನ ಕಣ್ಣಲ್ಲೂ ಇತ್ತು. ಅದನ್ನು ಒರೆಸುವವರು ಯಾರೂ ಇರಲಿಲ್ಲ.

ಆ ವಾರವೆಲ್ಲ ನಾನು ಸೂತಕದ ಮನೆಯವನಂತೆ ಓಡಾಡಿದೆ. ಅನ್ನ ಇಳಿಯಲಿಲ್ಲ. ಕಚೇರಿಯಲ್ಲಿ ಕಡತದ ಹಿಂದೆ ಉದ್ದ ಮೂತಿಯ ಚಿತ್ರ ಬರೆಯುತ್ತ ಕೂತೆ. ಇತ್ತ ಮನೆಯಲ್ಲಿ ಮಾವನವರು ದಿನದಿನಕ್ಕೆ ಗೆಲುವಾಗಿ, ವ್ಯಾನು ಕೊಟ್ಟು ಲಾರಿ ಹಿಡಿದು, ಲಾರಿ ಕೊಟ್ಟು ಮತ್ತೆರಡು ಜೀಪು ಕಟ್ಟಿದರು. ಕೊನೆಗೆ ತಡೆಯಲಾರದೆ ಅವರ ಮಂಚದ ತುದಿಯಲ್ಲಿ ಕೂತು, ಸಣ್ಣ ದನಿಯಲ್ಲಿ ಬೇಡಿಕೊಂಡೆ: "ಮಾವಾರ, ಇಷ್ಟೆಲ್ಲಾ ಗಳಿಸೀರಿ. ಅದೊಂದು ಸುಪ್ರಾ ತಿರುಗಿ ಹಿಡಕೊಡ್ರಿ."

ಮಾವನವರು ಟೀವಿಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. "ಮಾರಿದ ಎತ್ತ ತಿರುಗಿ ನಮ್ಮ ಗ್ವಾದಲಿಗೆ ಕಟ್ಟಬಾರದ್ರಿ ಅಳಿಯಾರ" ಎಂದರು. ಆಮೇಲೆ ದನಿ ತಗ್ಗಿಸಿ, "ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಎರಡ ಬಾಗಲದ್ದು ಅಂತ ನಾ ಮಾರಲಿಲ್ಲ. ವಯಸ್ಸಾಗೈತಿ ಅಂತನೂ ಅಲ್ಲ. ಅದು ಭಾಳ ಛಲೋ ಜಾತಿದ್ದು. ಮೈಕಟ್ಟೇನು, ಮಾರಿಯೇನು! ಅಂಥಾದ್ದನ್ನ ನೀವು ದಿನಾ ಸಂಜಿಗೆ ಗ್ವಾಡಿಗೆ ಹಾಯಿಸ್ತಿದ್ರಿ. ಗ್ವಾಡಿ ಆದ್ರ ಕಂಬಕ್ಕ, ಕಂಬ ಆದ್ರ ಗಿಡಕ್ಕ. ದನದಾಗ ಬಾಳೇ ಮಾಡಿದಾಂವ ನಾನು. ಮೂಕ ಜೀವದ ಗೋಳು ಎಷ್ಟ ದಿನಾ ಅಂತ ಹಿಂದ ಕುಂತು ನೋಡ್ಲಿ? ಯಾರರ ನಡಸಾಕ ಬರೋರ ಕೈಗೆ ಹೋಗಿ ಸುಖಾ ಇರ್ಲಿ ಅಂತ, ಲುಕ್ಸಾನಾದ್ರೂ ಚಿಂತಿಲ್ಲ, ಕೊಟ್ಟಬಿಟ್ಟೆ" ಎಂದರು. ಜೀವಮಾನದಲ್ಲಿ ಲುಕ್ಸಾನಿನ ವ್ಯಾಪಾರ ಮಾಡದ ಮನುಷ್ಯ ಈ ಮಾತು ಹೇಳುವಾಗ ನನ್ನ ಹೆಗಲ ಮೇಲೆ ಕೈ ಇಟ್ಟಿದ್ದರು.

ಎಷ್ಟೋ ವರ್ಷ ಕಾದು ಕೈಗೆ ಸಿಕ್ಕಿದ್ದನ್ನು ಕಳೆದುಕೊಂಡ ದುಃಖ ಒಂದು ತೂಕವಾದರೆ, ಅದು ನನ್ನಿಂದ ಪಾರಾಯಿತು ಎಂದು ತಿಳಿದ ದುಃಖ ಹತ್ತು ತೂಕ. ಎದ್ದು ಹೋದೆ.

ಈಗ ಮಾವನವರು ಕೋಲು ಹಿಡಿದು ಮನೆ ಮುಂದಿನ ಕಟ್ಟೆಯವರೆಗೆ ನಡೆಯುತ್ತಾರೆ. ಮೊನ್ನೆ ಮುಂಜಾನೆ ನಾನು ಕಚೇರಿಗೆಂದು ಸ್ಕೂಟರು ಹೊರಗೆ ತೆಗೆಯುವಾಗ ಕಟ್ಟೆಯ ಮೇಲೆ ಕೂತಿದ್ದರು. ಒಡೆದ ಕನ್ನಡಿ, ನೆಗ್ಗಿದ ಮಗ್ಗುಲು, ತಂತಿ ಬಿಗಿದ ನಂಬರ್ ಪ್ಲೇಟು, ಒಂದೊಂದನ್ನೂ ನಿಧಾನವಾಗಿ ನೋಡಿದರು. "ಚ್ ಚ್" ಎಂದರು. ಆಮೇಲೆ ಬಹಳ ಮೃದುವಾಗಿ, "ಇದು ನಿಮ್ಮ ಕೈಯಾಗ ಎಷ್ಟ ವರ್ಷದಿಂದ ಐತ್ರಿ ಅಳಿಯಾರ?" ಎಂದು ಕೇಳಿದರು.

ಅಂದಿನಿಂದ ಸ್ಕೂಟರಿನ ಕೀಲಿಕೈಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೇನೆ.